ಮೊಸಳೆ, ಹಾವು, ಆಮೆ ನೋಡಲು ಹೊರಟವರಿಗೆ: ರಂಗನತಿಟ್ಟಿನಿಂದ ಮದ್ರಾಸ್ ಮೊಸಳೆ ಬ್ಯಾಂಕ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಯಾವುದೇ ಮೊಸಳೆ ಕೊಳದ ಕಟ್ಟೆ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಏನ್ರೀ ಇದು, ಅಲ್ಲಾಡೋದೇ ಇಲ್ವಲ್ಲ. ಬೊಂಬೆನಾ?" ಆಮೇಲೆ ಯಾರೋ ಒಬ್ಬರು ಕಲ್ಲು ಹುಡುಕುತ್ತಾರೆ, ಇನ್ನೊಬ್ಬರು ನೀರಿನ ಬಾಟಲಿ ಎಸೆಯುತ್ತಾರೆ. ಎರಡೇ ನಿಮಿಷದಲ್ಲಿ ಬೇಜಾರಾಗಿ ಮುಂದಕ್ಕೆ ಹೋಗುತ್ತಾರೆ.

ತಪ್ಪು ಮೊಸಳೆಯದಲ್ಲ, ಹೋದ ಹೊತ್ತಿನದು. ಮೊಸಳೆ, ಹಾವು, ಆಮೆ, ಉಡ ಇವೆಲ್ಲ ಮೈ ಬಿಸಿಯನ್ನು ಹೊರಗಿನಿಂದಲೇ ಪಡೆಯುವ ಪ್ರಾಣಿಗಳು. ಬಿಸಿಲು, ನೆರಳು, ನೀರು ಇವುಗಳ ಲೆಕ್ಕದ ಮೇಲೆ ಅವುಗಳ ದಿನಚರಿ ನಡೆಯುತ್ತದೆ. ಆ ಲೆಕ್ಕ ಗೊತ್ತಿದ್ದು ಹೋದರೆ ಅರ್ಧ ದಿನ ಒಂದೇ ಕಡೆ ಕೂತರೂ ಸಾಕಾಗಲ್ಲ. ಗೊತ್ತಿಲ್ಲದೆ ಹೋದರೆ ಎಷ್ಟು ದೊಡ್ಡ ಪಾರ್ಕ್ ಆದರೂ ಅಷ್ಟೇ. ಕರ್ನಾಟಕದಿಂದ ಹೊರಡುವವರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮದ್ರಾಸ್ ಮೊಸಳೆ ಬ್ಯಾಂಕ್ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಒಂದು ದಿನದಲ್ಲಿ ಅಷ್ಟು ಕಲಿಸುವ ಜಾಗ ನಮ್ಮ ಸುತ್ತಮುತ್ತ ಇನ್ನೊಂದಿಲ್ಲ.

ಹಂತ 1: ಮೊದಲು ಪ್ರಾಣಿ, ಆಮೇಲೆ ಊರು

"ವೀಕೆಂಡಿಗೆ ಎಲ್ಲಿ ಹೋಗೋಣ" ಎಂದು ಶುರು ಮಾಡಬೇಡಿ. ಏನು ನೋಡಬೇಕು ಎಂದು ಶುರು ಮಾಡಿ.

ಮೊಸಳೆಯನ್ನು ಅದರ ಸ್ವಂತ ನದಿಯಲ್ಲೇ ನೋಡಬೇಕಾದರೆ ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು, ಇಲ್ಲವೇ ದಾಂಡೇಲಿಯ ಕಾಳಿ ನದಿ. ಹಲವು ಜಾತಿಯ ಮೊಸಳೆಗಳನ್ನು ಒಂದೇ ಕಡೆ ಹತ್ತಿರದಿಂದ ನೋಡಬೇಕಾದರೆ ಚೆನ್ನೈ ಬಳಿಯ ಮೊಸಳೆ ಬ್ಯಾಂಕ್. ಹಾವುಗಳನ್ನು ಗಾಜಿನಾಚೆ ಆರಾಮಾಗಿ ನೋಡಲು ಮೈಸೂರು ಮೃಗಾಲಯ, ಬನ್ನೇರುಘಟ್ಟ, ಮಂಗಳೂರಿನ ಪಿಲಿಕುಳ. ಕಾಳಿಂಗ ಸರ್ಪದ ಕಾಡು ಹೇಗಿರುತ್ತದೆ ಎಂದು ತಿಳಿಯಲು ಆಗುಂಬೆ. ಕಡಲಾಮೆಗೆ ಹೊನ್ನಾವರ, ಕಾರವಾರದ ಕಡಲತೀರ, ಅಥವಾ ಮಹಾರಾಷ್ಟ್ರದ ವೇಳಾಸ್.

ಇವುಗಳಲ್ಲಿ ಎರಡನ್ನು ಒಂದೇ ದಿನಕ್ಕೆ ತುರುಕಬೇಡಿ. ಬೆಳಿಗ್ಗೆ ರಂಗನತಿಟ್ಟು, ಮಧ್ಯಾಹ್ನ ಮೃಗಾಲಯ, ಸಂಜೆ ಬೃಂದಾವನ ಎನ್ನುವ ಪ್ಯಾಕೇಜ್‌ಗಳಲ್ಲಿ ಟಿಕೆಟ್ ಹರಿದದ್ದಷ್ಟೇ ನೆನಪಲ್ಲಿ ಉಳಿಯುತ್ತದೆ.

ಹಂತ 2: ಜಾಗ ಅಸಲಿಯೋ ಅಲ್ಲವೋ ನೋಡಿ

ಹಾವನ್ನು ಕೊರಳಿಗೆ ಹಾಕಿ ಫೋಟೋ ತೆಗೆಸುವ ಜಾಗಕ್ಕೆ ಹೋಗಲೇಬೇಡಿ. ಇಷ್ಟು ನೆನಪಿಟ್ಟುಕೊಂಡರೂ ಈ ಹಂತ ಮುಕ್ಕಾಲು ಮುಗಿದ ಹಾಗೆ.

ಉಳಿದ ಕಾಲು ಭಾಗ ಹೀಗೆ. ನಮ್ಮ ದೇಶದಲ್ಲಿ ಮೃಗಾಲಯ, ಹಾವಿನ ಪಾರ್ಕ್, ಮೊಸಳೆ ಕೇಂದ್ರ ನಡೆಸಲು ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. 1992ರಲ್ಲಿ ಶುರುವಾದ ಈ ಪ್ರಾಧಿಕಾರ ಮಾನ್ಯತೆ ಇರುವ ಜಾಗಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಹೆಸರು ಅದರಲ್ಲಿ ಇದೆಯಾ ನೋಡಿ. ಆಮೇಲೆ ಒಳಗೆ ಹೋದಾಗ ಸುಮ್ನೆ ಗಮನಿಸಿ: ಪ್ರಾಣಿಗೆ ಬಿಸಿಲು, ನೆರಳು ಎರಡೂ ಇದೆಯಾ? ಅಡಗಿಕೊಳ್ಳಲು ಜಾಗ ಇದೆಯಾ? ಅಡಗಲು ಜಾಗವೇ ಇಲ್ಲದ ಗಾಜಿನ ಪೆಟ್ಟಿಗೆ ನೋಡುವವರಿಗೆ ಅನುಕೂಲ, ಹಾವಿಗೆ ಹಿಂಸೆ. ಒಳ್ಳೆಯ ಕೇಂದ್ರದಲ್ಲಿ ಒಮ್ಮೊಮ್ಮೆ ಹಾವು ಕಾಣುವುದೇ ಇಲ್ಲ. ಅದು ಒಳ್ಳೆಯ ಲಕ್ಷಣ.

ಬೀದಿಯಲ್ಲಿ ಬುಟ್ಟಿ ಹಿಡಿದು ಬರುವ ಹಾವಾಟವೂ ಇದೇ ಲೆಕ್ಕಕ್ಕೆ ಸೇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಾಗರಹಾವು ಹಿಡಿದು ಇಟ್ಟುಕೊಳ್ಳುವಂತಿಲ್ಲ. ಹಾಲು ಹಾವಿನ ಆಹಾರವೂ ಅಲ್ಲ. ದಿನಗಟ್ಟಲೆ ನೀರು ಕೊಡದೆ ಒಣಗಿಸಿದ ಹಾವು ಬಾಯಾರಿ ಹಾಲು ಹೀರುತ್ತದೆ, ಅಷ್ಟೇ.

ಹಂತ 3: ತಿಂಗಳು ಮತ್ತು ಹೊತ್ತು

ಮೊಸಳೆಗೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ರಾತ್ರಿ ಚಳಿ ಇರುತ್ತದೆ, ಹಾಗಾಗಿ ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ನೀರಿನಿಂದ ಮೇಲೆ ಬಂದು ಬಂಡೆ ಮೇಲೆ ಮಲಗುತ್ತವೆ. ಬೇಸಿಗೆಯಲ್ಲಿ ಬೇಗ ಹೋಗಬೇಕು. ಹನ್ನೊಂದು ಗಂಟೆ ದಾಟಿದರೆ ನೀರಿನ ಮೇಲೆ ಎರಡು ಕಣ್ಣು, ಮೂಗಿನ ತುದಿ ಇಷ್ಟೇ ಕಾಣುವುದು.

ಮಲೆನಾಡಿನ ಕಪ್ಪೆ, ಮಂಡಲದ ಹಾವುಗಳಿಗೆ ಮಳೆಗಾಲ. ಕಡಲಾಮೆ ಮರಿಗಳಿಗೆ ಫೆಬ್ರವರಿಯಿಂದ ಏಪ್ರಿಲ್. ಚೆನ್ನೈಗೆ ಅಕ್ಟೋಬರ್, ನವೆಂಬರ್‌ನಲ್ಲಿ ಹೋಗಬೇಡಿ, ಅಲ್ಲಿನ ದೊಡ್ಡ ಮಳೆ ಆಗಲೇ ಬರುವುದು. ಮೇ ತಿಂಗಳಲ್ಲೂ ಬೇಡ. ಮೊಸಳೆಗಿಂತ ಮೊದಲು ನೀವೇ ನೆರಳು ಹುಡುಕುತ್ತೀರಿ.

ರಜೆ ದಿನ ಮರೆಯಬೇಡಿ. ಮೈಸೂರು ಮೃಗಾಲಯ, ಬನ್ನೇರುಘಟ್ಟ ಮಂಗಳವಾರ ಮುಚ್ಚಿರುತ್ತವೆ. ಮದ್ರಾಸ್ ಮೊಸಳೆ ಬ್ಯಾಂಕ್ ಮತ್ತು ಪಿಲಿಕುಳಕ್ಕೆ ಸೋಮವಾರ ರಜೆ. ಹಬ್ಬ, ಸರಣಿ ರಜೆಗಳಲ್ಲಿ ಇದು ಬದಲಾಗುವುದುಂಟು, ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ.

ಹಂತ 4: ಕಣ್ಣು ಪಳಗಿಸಲು ರಂಗನತಿಟ್ಟು

ದೂರದ ಪ್ರವಾಸಕ್ಕೆ ಮೊದಲು ಒಮ್ಮೆ ಇಲ್ಲಿ ಹೋಗಿ ಬನ್ನಿ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಿಂದ ಪಕ್ಷಿಧಾಮವಾದ ಜಾಗ ಇದು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಜನ ಹಕ್ಕಿ ನೋಡಲು ಬರುತ್ತಾರೆ, ಮೊಸಳೆಯನ್ನು ಬೋನಸ್ ಅಂದುಕೊಳ್ಳುತ್ತಾರೆ. ನೀವು ಉಲ್ಟಾ ಮಾಡಿ.

ಮೊದಲ ದೋಣಿಗೇ ಹತ್ತಿ. ಕ್ಯಾಮೆರಾದವರಿಗೆ ಬೇರೆ ದೋಣಿ ಸಿಗುತ್ತದೆ, ದುಡ್ಡು ಜಾಸ್ತಿ, ಹೊತ್ತೂ ಜಾಸ್ತಿ. ನಾಲ್ಕೈದು ಜನ ಹಂಚಿಕೊಂಡರೆ ಅದೇ ವಾಸಿ. ಹತ್ತುವಾಗಲೇ ದೋಣಿ ನಡೆಸುವವರಿಗೆ ಹೇಳಿಬಿಡಿ: "ಅಣ್ಣಾ, ನಾವು ಮೊಸಳೆ ನೋಡೋಕೆ ಬಂದಿರೋದು. ಕಂಡ ಕಡೆ ಸ್ವಲ್ಪ ನಿಲ್ಸಿ, ಹತ್ತಿರ ಹೋಗೋದು ಬೇಡ." ಈ ಕೊನೆಯ ಮಾತು ಮುಖ್ಯ. ಪ್ರವಾಸಿಗರನ್ನು ಖುಷಿಪಡಿಸಲು ದೋಣಿಯನ್ನು ತೀರಾ ಹತ್ತಿರ ಒಯ್ಯುವ ಅಭ್ಯಾಸ ಇದೆ. ಮೊಸಳೆ ನೀರಿಗೆ ಜಾರಿಬಿಟ್ಟರೆ ಅದಕ್ಕೆ ಬಿಸಿಲೂ ಹೋಯಿತು, ನಿಮಗೆ ನೋಟವೂ ಹೋಯಿತು.

ಮೊದಲ ಕೆಲಸ ಬಂಡೆಗಳನ್ನು ಎಣಿಸುವುದು. ನೀರಿನ ಅಂಚಿನ ಪ್ರತಿ ಬಂಡೆಯ ಮೇಲೂ ಕಣ್ಣು ಓಡಿಸಿ. ಬಂಡೆ ಅಂದುಕೊಂಡದ್ದರ ಒಂದು ತುದಿ ಸಣ್ಣಗಾಗುತ್ತಾ ಬಂದರೆ ಅದು ಬಾಲ. ಕೆಲವು ಮೊಸಳೆ ಬಾಯಿ ಅಗಲಿಸಿಕೊಂಡೇ ಮಲಗಿರುತ್ತವೆ. "ನೋಡು, ಹೆದರಿಸ್ತಾ ಇದೆ" ಎಂದು ಪಕ್ಕದವರು ಹೇಳಿದರೆ ನಂಬಬೇಡಿ. ಬೆವರಲು ಬಾರದ ಪ್ರಾಣಿ ಬಾಯಿ ತೆರೆದು ತಲೆಯ ಬಿಸಿ ಇಳಿಸಿಕೊಳ್ಳುತ್ತದೆ. ದುರ್ಬೀನು ಇದ್ದರೆ ಆ ಬಾಯಿಯೊಳಗೆ ನೋಡಿ. ಗಂಟಲ ಬಾಗಿಲಲ್ಲಿ ಒಂದು ದಪ್ಪ ಪರದೆ ಕಾಣುತ್ತದೆ. ನೀರಿನೊಳಗೆ ಬಾಯಿ ತೆರೆದರೂ ನೀರು ಒಳಗೆ ನುಗ್ಗದಿರುವುದು ಅದರಿಂದಲೇ.

ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟ ದಿನಗಳಲ್ಲಿ ದೋಣಿ ಇರುವುದಿಲ್ಲ. ಮಳೆಗಾಲದಲ್ಲಿ ಹೋಗುವವರು ವಿಚಾರಿಸಿಯೇ ಹೊರಡಿ.

ದಾಂಡೇಲಿಯಲ್ಲಿ ಮೊಸಳೆ ಕಾಣುವುದು ಸುಲಭ, ಅಪಾಯವೂ ಜಾಸ್ತಿ. ಕಾಳಿ ನದಿಯ ದಂಡೆಯಲ್ಲಿ ಮನುಷ್ಯರನ್ನು ಮೊಸಳೆ ಎಳೆದೊಯ್ದ ಘಟನೆಗಳು ಆಗಿವೆ. ಅಲ್ಲಿ ನೋಡುವುದೇನಿದ್ದರೂ ಎತ್ತರದ ಜಾಗದಿಂದ. ಕಾಲು ತೊಳೆಯಲು, ಸೆಲ್ಫಿಗೆ, ತಟ್ಟೆ ತೊಳೆಯಲು ಎಂದೂ ನೀರಿಗಿಳಿಯಬೇಡಿ. ಊರಿನವರು ಬೇಡ ಅಂದ ಜಾಗದಲ್ಲಿ ರೆಸಾರ್ಟಿನವರು ಪರವಾಗಿಲ್ಲ ಅಂದರೂ ಊರಿನವರ ಮಾತನ್ನೇ ಕೇಳಿ.

ಹಂತ 5: ಮದ್ರಾಸ್ ಮೊಸಳೆ ಬ್ಯಾಂಕ್‌ನಲ್ಲಿ ಒಂದು ದಿನ

ಹೋಗುವ ದಾರಿ ಸರಳ. ಬೆಂಗಳೂರಿನಿಂದ ಚೆನ್ನೈಗೆ ರಾತ್ರಿ ರೈಲು ಹಿಡಿಯಿರಿ. ಅಲ್ಲಿಂದ ಪೂರ್ವ ಕರಾವಳಿ ರಸ್ತೆಯಲ್ಲಿ ಮಹಾಬಲಿಪುರದ ಕಡೆಗೆ ಸುಮಾರು 40 ಕಿಲೋಮೀಟರ್ ಹೋದರೆ ವಡನೆಮ್ಮೇಲಿ ಎಂಬ ಊರು. ಮಹಾಬಲಿಪುರದ ಬಸ್ ಹತ್ತಿ ಕಂಡಕ್ಟರ್‌ಗೆ "ಮುದಲೈ ಪಣ್ಣೈ" (ತಮಿಳಿನಲ್ಲಿ ಮೊಸಳೆ ಫಾರಂ) ಎಂದರೆ ಗೇಟಿನ ಮುಂದೆಯೇ ಇಳಿಸುತ್ತಾರೆ. ಉಳಿದುಕೊಳ್ಳಲು ಚೆನ್ನೈಗಿಂತ ಮಹಾಬಲಿಪುರ ಹತ್ತಿರ. ಹಿಂದಿನ ಸಂಜೆ ಅಲ್ಲಿ ತಂಗಿದರೆ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ನೀವು ಅಲ್ಲಿರುತ್ತೀರಿ.

ಹೋಗುವ ಮುನ್ನ ಸ್ವಲ್ಪ ಹಿನ್ನೆಲೆ ತಿಳಿದಿರಲಿ. ಚರ್ಮಕ್ಕಾಗಿ ಬೇಟೆಯಾಡಿ, ಮೊಟ್ಟೆ ಕದ್ದು, ಮೀನಿನ ಬಲೆಗೆ ಸಿಕ್ಕಿ 1970ರ ದಶಕದ ಹೊತ್ತಿಗೆ ನಮ್ಮ ಮೂರೂ ಜಾತಿಯ ಮೊಸಳೆಗಳು (ಸಿಹಿನೀರಿನ ಮಗ್ಗರ್, ಉಪ್ಪುನೀರಿನ ಮೊಸಳೆ, ಉದ್ದ ಮೂತಿಯ ಘರಿಯಲ್) ಮುಗಿದೇಹೋಗುವ ಸ್ಥಿತಿಗೆ ಬಂದಿದ್ದವು. 1975ರಲ್ಲಿ ಭಾರತ ಸರ್ಕಾರ ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆ ಸಂರಕ್ಷಣಾ ಯೋಜನೆ ಶುರು ಮಾಡಿತು. ಮರುವರ್ಷ, 1976ರಲ್ಲಿ, ಹಾವು, ಮೊಸಳೆಗಳ ತಜ್ಞ ರೊಮ್ಯುಲಸ್ ವಿಟೇಕರ್, ಝಾಯ್ ವಿಟೇಕರ್ ಮತ್ತು ಗೆಳೆಯರು ಸೇರಿ ಈ ಬ್ಯಾಂಕ್ ಕಟ್ಟಿದರು. ಬ್ಯಾಂಕ್ ಎಂಬ ಹೆಸರಿನಲ್ಲೇ ಉದ್ದೇಶ ಇತ್ತು. ಇಲ್ಲಿ ಮೊಸಳೆಗಳನ್ನು ಠೇವಣಿ ಇಟ್ಟು ಬೆಳೆಸುವುದು, ಕಾಡಿನ ನದಿಗಳಿಗೆ ಬೇಕಾದಾಗ ಮರಿಗಳನ್ನು ಕೊಡುವುದು.

ಒಳಗೆ ಹೋದ ತಕ್ಷಣ ಮಗ್ಗರ್ ಮೊಸಳೆಗಳ ದೊಡ್ಡ ಕೊಳಗಳು ಸಿಗುತ್ತವೆ. ಒಂದರ ಮೇಲೊಂದು ಕಾಲು ಹಾಕಿಕೊಂಡು ಅಷ್ಟೊಂದು ಮೊಸಳೆಗಳು ಮಲಗಿರುವುದನ್ನು ಕಂಡು ಜನ ಅಲ್ಲೇ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನೀವು ಅಲ್ಲೇ ನೆರಳು ಹುಡುಕಿ ನಿಲ್ಲಿ. ಅವಸರ ಬೇಡ.

ಒಂದೇ ಮೊಸಳೆಯನ್ನು ಆರಿಸಿಕೊಳ್ಳಿ. ತಲೆಯ ಹಿಂದೆ, ಕುತ್ತಿಗೆ ಶುರುವಾಗುವ ಕಡೆ ನೋಡಿ. ಮಗ್ಗರ್‌ಗೆ ಅಲ್ಲಿ ನಾಲ್ಕು ದೊಡ್ಡ ಚಿಪ್ಪು ಒಂದು ಸಾಲಾಗಿ ಎದ್ದು ಕಾಣುತ್ತವೆ. ಆಮೇಲೆ ಉಪ್ಪುನೀರಿನ ಮೊಸಳೆಯ ಹತ್ತಿರ ಹೋದಾಗ ಅದೇ ಜಾಗ ನೋಡಿ. ಅಲ್ಲಿ ಆ ಚಿಪ್ಪುಗಳಿರುವುದಿಲ್ಲ, ಇದ್ದರೂ ತೀರಾ ಸಣ್ಣ. ಮೂತಿ, ಬಣ್ಣ, ಗಾತ್ರ ನೋಡಿ ಗುರುತಿಸುವವರು ಮೋಸ ಹೋಗುತ್ತಾರೆ, ಈ ಚಿಪ್ಪು ನೋಡುವವರು ಸಾಮಾನ್ಯವಾಗಿ ಹೋಗುವುದಿಲ್ಲ. ಈಗ ಕಣ್ಣು ನೋಡಿ. ಒಮ್ಮೊಮ್ಮೆ ಒಂದು ತೆಳು ಪರದೆ ಕಣ್ಣಿನ ಮೂಲೆಯಿಂದ ಅಡ್ಡಕ್ಕೆ ಸರಿದು ಹೋಗುತ್ತದೆ. ಅದು ಮೂರನೇ ರೆಪ್ಪೆ.

ಈ ಜಾಗದಲ್ಲೇ ಕಂಡ ಒಂದು ವಿಷಯ ನನಗೆ ತುಂಬಾ ಇಷ್ಟ. ಬ್ಯಾಂಕ್‌ನ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಗೂಡಿಗೆ ಕಡ್ಡಿ ಬೇಕು. ಗೂಡು ಕಟ್ಟುವ ಕಾಲದಲ್ಲಿ ಕೆಲವು ಮಗ್ಗರ್‌ಗಳು ಮೂತಿಯ ಮೇಲೆ ಕಡ್ಡಿ ಇಟ್ಟುಕೊಂಡು ನೀರಿನಲ್ಲಿ ಅಲುಗಾಡದೆ ಮಲಗುವುದನ್ನು ನೋಡಿದ ಸಂಶೋಧಕರು 2013ರಲ್ಲಿ ಅದನ್ನು ಬರೆದರು: ಕಡ್ಡಿ ಎತ್ತಿಕೊಳ್ಳಲು ಬಂದ ಹಕ್ಕಿಯನ್ನು ಹಿಡಿಯುವ ಉಪಾಯ ಇದು ಎಂದು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ, ಕಡ್ಡಿ ತಾನಾಗಿ ಬಂದು ಕೂತಿರಬಹುದು ಅನ್ನುವವರೂ ಇದ್ದಾರೆ. ನೀವೇ ನೋಡಿ ನಿರ್ಧರಿಸಿ. ಬೆಳ್ಳಕ್ಕಿ ಮರದ ಕೆಳಗಿನ ಕೊಳದ ಹತ್ತಿರ ಕಾಲು ಗಂಟೆ ನಿಂತರೆ ನಷ್ಟವೇನಿಲ್ಲ ಅಲ್ವಾ?

ಮರಿಗಳ ವಿಷಯದಲ್ಲೂ ಇಲ್ಲಿ ಒಳ್ಳೆಯ ಕೆಲಸ ಆಗಿದೆ. ಮಗ್ಗರ್ ಮೊಟ್ಟೆಯಿಂದ ಹೆಣ್ಣು ಬರುತ್ತದೋ ಗಂಡು ಬರುತ್ತದೋ ಎಂಬುದನ್ನು ಗೂಡಿನ ಬಿಸಿ ತೀರ್ಮಾನಿಸುತ್ತದೆ. 31 ಡಿಗ್ರಿ ಒಳಗಿದ್ದರೆ ಹೆಣ್ಣು, 32.5 ಡಿಗ್ರಿ ಆಸುಪಾಸು ಗಂಡು. ಮೊಟ್ಟೆ ಒಡೆಯುವ ಹೊತ್ತಿಗೆ ಮರಿಗಳು ಒಳಗಿನಿಂದಲೇ ಕೂಗುತ್ತವೆ. ತಾಯಿ ಗೂಡು ಕೆದಕಿ ಮರಿಗಳನ್ನು ಬಾಯಲ್ಲಿ ಕಚ್ಚದೆ ಎತ್ತಿ ನೀರಿಗೆ ಒಯ್ಯುತ್ತದೆ. ಅಪ್ಪ ಮೊಸಳೆಯೂ ಈ ಕೆಲಸ ಮಾಡುವುದನ್ನು ಇಲ್ಲಿ ಗಮನಿಸಿ ದಾಖಲಿಸಿದ್ದಾರೆ.

ಘರಿಯಲ್ ಕೊಳಕ್ಕೆ ಬಂದಾಗ ಮೂತಿ ನೋಡಿ. ಉದ್ದ, ಸಪೂರ, ಹಲ್ಲುಗಳೆಲ್ಲ ಹೊರಗೆ. ಮೀನು ಹಿಡಿಯಲಿಕ್ಕೇ ಆದ ಮೂತಿ ಅದು. ಬೆಳೆದ ಗಂಡಿಗೆ ಮೂತಿಯ ತುದಿಯಲ್ಲಿ ಪುಟ್ಟ ಮಡಕೆ ಬೋರಲು ಹಾಕಿದಂತೆ ಒಂದು ಉಬ್ಬು ಇರುತ್ತದೆ. ಮೂರರಲ್ಲಿ ಈಗಲೂ ಹೆಚ್ಚು ಅಪಾಯದಲ್ಲಿರುವುದು ಇದೇ. ಚಂಬಲ್ ನದಿ ಇದರ ಮುಖ್ಯ ಆಸರೆ. ಮರಳು ದಿಬ್ಬ ಇಲ್ಲದಿದ್ದರೆ ಮೊಟ್ಟೆ ಇಡಲು ಜಾಗವೇ ಇಲ್ಲ. ಹಾಗಾಗಿ ಮರಳು ಲಾರಿಗಳಿಗೂ ಈ ಮೊಸಳೆಗೂ ನೇರ ಸಂಬಂಧ ಇದೆ.

ಜಾಸ್ ತ್ರೀ ಎಂಬ ಹೆಸರಿನ 16 ಅಡಿಗೂ ಮೀರಿದ ಉಪ್ಪುನೀರಿನ ಮೊಸಳೆ ಇಲ್ಲಿನ ಹೆಸರುವಾಸಿ ನಿವಾಸಿ. ಎಲ್ಲರೂ ಅದನ್ನು ನೋಡಲೆಂದೇ ಬರುತ್ತಾರೆ. ನೋಡಿ, ಬೇಡ ಅನ್ನಲ್ಲ. ಆದರೆ ಗಾತ್ರ ಒಂದು ಬಿಟ್ಟರೆ ಅಲ್ಲಿ ಕಲಿಯಲು ಹೆಚ್ಚಿಲ್ಲ.

ಕೊನೆಗೆ, ಅಲ್ಲಿನ ಸಿಬ್ಬಂದಿಯನ್ನು ಒಂದು ಪ್ರಶ್ನೆ ಕೇಳಿ: ಈಗ ಹುಟ್ಟುವ ಮರಿಗಳನ್ನು ಏನು ಮಾಡುತ್ತೀರಿ? ಇದು ತೊಡಕಿನ ಪ್ರಶ್ನೆ. ಮಗ್ಗರ್‌ಗಳು ಸೆರೆಯಲ್ಲಿ ಚೆನ್ನಾಗಿ ಮರಿ ಮಾಡುತ್ತವೆ. ಇಲ್ಲಂತೂ ವರ್ಷಕ್ಕೆ ಎರಡು ಸಲ ಮೊಟ್ಟೆ ಇಟ್ಟದ್ದುಂಟು. ಬಿಡಲು ನದಿಗಳಲ್ಲಿ ಜಾಗ ಸಿಗುತ್ತಿಲ್ಲ. ಒಂದು ಕಾಲಕ್ಕೆ ಗೆಲುವಾಗಿದ್ದದ್ದೇ ಆಮೇಲೆ ತಲೆನೋವಾಯಿತು. 2022ರಲ್ಲಿ ಇಲ್ಲಿಂದ ಸಾವಿರ ಮೊಸಳೆಗಳನ್ನು ಗುಜರಾತಿನ ಜಾಮ್‌ನಗರದ ಕೇಂದ್ರಕ್ಕೆ ಸಾಗಿಸುವ ಏರ್ಪಾಡಾಯಿತು. ಸಂರಕ್ಷಣೆ ಎಂದರೆ ಮರಿ ಮಾಡಿಸುವುದು ಅಂದುಕೊಂಡವರಿಗೆ ಈ ಕಥೆ ಗೊತ್ತಿರಬೇಕು. ನದಿ ಉಳಿಯದೆ ಮೊಸಳೆ ಮಾತ್ರ ಹೆಚ್ಚಾದರೆ ಅದಕ್ಕೆ ಕೊಳವೇ ಗತಿ.

ಹಂತ 6: ಇರುಳರ ವಿಷ ತೆಗೆಯುವ ಕೇಂದ್ರ

ಬ್ಯಾಂಕ್ ಆವರಣದಲ್ಲೇ ಇದೆ, ಟಿಕೆಟ್ ಬೇರೆ. ಪ್ರದರ್ಶನದ ಹೊತ್ತು ದಿನದಿಂದ ದಿನಕ್ಕೆ ಬದಲಾಗಬಹುದು, ಕೆಲವೊಮ್ಮೆ ಇರುವುದೇ ಇಲ್ಲ. ಒಳಗೆ ಬಂದ ಕೂಡಲೇ ವಿಚಾರಿಸಿ, ಅದಕ್ಕೆ ತಕ್ಕಂತೆ ಮೊಸಳೆ ಕೊಳಗಳ ಹೊತ್ತನ್ನು ಹೊಂದಿಸಿಕೊಳ್ಳಿ.

ಇರುಳರು ತಲೆತಲಾಂತರದಿಂದ ಹಾವು ಹಿಡಿಯುವ ಜನ. ಹಿಂದೆ ಚರ್ಮಕ್ಕಾಗಿ ಹಿಡಿಯುತ್ತಿದ್ದರು. 1972ರ ಕಾಯ್ದೆ, ಆಮೇಲೆ ಹಾವಿನ ಚರ್ಮದ ರಫ್ತಿನ ನಿಷೇಧ ಬಂದು ಹೊಟ್ಟೆಪಾಡಿಗೆ ಕಲ್ಲು ಬಿತ್ತು. 1978ರಲ್ಲಿ ಅವರದ್ದೇ ಸಹಕಾರ ಸಂಘ ಶುರುವಾಯಿತು. ಈಗ ಹಾವನ್ನು ಹಿಡಿದು, ಕೆಲವು ವಾರ ಮಣ್ಣಿನ ಮಡಕೆಯಲ್ಲಿ ಇಟ್ಟು, ಕೆಲವು ಸಲ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ವಿಷ ಔಷಧ ಕಂಪನಿಗಳಿಗೆ ಹೋಗುತ್ತದೆ. ಅಲ್ಲಿ ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಹಾವು ಕಡಿತದ ಮದ್ದು ತಯಾರಾಗುತ್ತದೆ. ಇಲ್ಲಿ ವಿಷ ಕೊಡುವುದು ನಾಲ್ಕು ಹಾವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ.

ಹಿಡಿಯುವವರ ಕೈ ನೋಡಿ. ಗಾಜಿನ ಲೋಟದ ಬಾಯಿಗೆ ತೆಳು ಹಾಳೆ ಬಿಗಿದಿರುತ್ತದೆ. ಹಾವಿನ ತಲೆಯನ್ನು ಮೇಲಿಂದ ಒತ್ತದೆ, ಎರಡು ಬದಿಗೂ ಬೆರಳು ಕೊಟ್ಟು ಹಿಡಿದು, ಹಲ್ಲು ಹಾಳೆಯೊಳಗೆ ಇಳಿಯುವಂತೆ ಕಚ್ಚಿಸುತ್ತಾರೆ. ಲೋಟದ ತಳಕ್ಕೆ ಹಳದಿ ಬಣ್ಣದ ಹನಿಗಳು ಇಳಿಯುತ್ತವೆ. ಇಷ್ಟೇನಾ ಅನಿಸುತ್ತದೆ. ಕಟ್ಟುಹಾವಿನದಂತೂ ಲೋಟದ ತಳ ಒದ್ದೆಯಾದರೆ ಹೆಚ್ಚು.

ಇವರಲ್ಲಿ ಮಾಸಿ ಸಡಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಮೆರಿಕದ ಫ್ಲಾರಿಡಾದ ಜೌಗಿನಲ್ಲಿ ಹೊರಗಿನಿಂದ ಬಂದು ತುಂಬಿಕೊಂಡಿದ್ದ ಬರ್ಮಾ ಹೆಬ್ಬಾವುಗಳನ್ನು ಹುಡುಕಲು 2017ರಲ್ಲಿ ಇವರನ್ನೇ ಕರೆಸಿಕೊಂಡಿದ್ದರು.

ಹಂತ 7: ಗಾಜಿನಾಚೆಯ ಹಾವನ್ನು ನೋಡುವ ಬಗೆ

ಮೈಸೂರು ಮೃಗಾಲಯ 1892ರಷ್ಟು ಹಳೆಯದು, ಹಸಿರು ಅನಕೊಂಡಾ ನೋಡಲು ಜನ ಮುಗಿಬೀಳುತ್ತಾರೆ. ಪಿಲಿಕುಳದವರು ಕಾಳಿಂಗ ಸರ್ಪದ ಮರಿ ಮಾಡಿಸಿ ಹೆಸರಾದವರು. ಎಲ್ಲಿಗೇ ಹೋದರೂ ನೋಡುವ ಕ್ರಮ ಒಂದೇ.

ಗಾಜು ತಟ್ಟಬೇಡಿ. ಹಾವಿಗೆ ಹೊರಗಿವಿ ಇಲ್ಲ, ಆದರೆ ಅದುರು ಮೈಗೆಲ್ಲ ತಟ್ಟುತ್ತದೆ. ದಿನಕ್ಕೆ ನೂರಾರು ಜನ ತಟ್ಟಿದರೆ ಅದರ ಗತಿ ಏನು? ಮೊದಲು ಮೂಲೆಗಳು, ಆಮೇಲೆ ನೀರಿನ ತೊಟ್ಟಿ, ಆಮೇಲೆ ಕೊಂಬೆಯ ಮೇಲೆ ಹುಡುಕಿ. ಸಿಕ್ಕಿದ ಮೇಲೆ ಕಣ್ಣು ನೋಡಿ. ಹಾವಿಗೆ ರೆಪ್ಪೆ ಇಲ್ಲ. ಕಣ್ಣು ನೀಲಿ ಬೆರೆತ ಮಸುಕಾಗಿದ್ದರೆ ಪೊರೆ ಬಿಡುವ ಕಾಲ ಹತ್ತಿರ ಬಂದಿದೆ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಸುಮ್ಮನೆ ಬಿಡಬೇಕು. ಮೂಲೆಯಲ್ಲಿ ಬಿದ್ದ ಪೊರೆ ಸಿಕ್ಕರೆ ಅದರ ತಲೆಯ ಭಾಗ ನೋಡಿ, ಕಣ್ಣಿನ ಮೇಲಿನ ಚಿಪ್ಪೂ ಕಳಚಿಕೊಂಡಿರುತ್ತದೆ.

ಫೋಟೋಗೆ ಫ್ಲಾಶ್ ಬೇಡ. ಮೊಬೈಲನ್ನು ಗಾಜಿಗೆ ಪೂರ್ತಿ ಒರಗಿಸಿ ಹಿಡಿದರೆ ಬೆಳಕಿನ ಪ್ರತಿಬಿಂಬ ಬರುವುದಿಲ್ಲ. ಮೊಸಳೆ ಕಟ್ಟೆಯಲ್ಲಾದರೆ ಮೊಬೈಲ್‌ಗೆ ಕೈದಾರ ಕಟ್ಟಿಕೊಳ್ಳಿ.

ಒಂದು ಕೆಲಸ ಮಾತ್ರ ಮನೆಗೆ ಬರುವ ಮುಂಚೆ ಮಾಡಿಕೊಳ್ಳಿ. ಕೇರೆಹಾವು ಮತ್ತು ನಾಗರಹಾವನ್ನು, ತೋಳದ ಹಾವು ಮತ್ತು ಕಟ್ಟುಹಾವನ್ನು ಜೋಡಿ ಜೋಡಿಯಾಗಿ ನೋಡಿ ವ್ಯತ್ಯಾಸ ತಿಳಿದುಕೊಳ್ಳಿ. ನಮ್ಮ ಹಿತ್ತಲಲ್ಲಿ ಸಾಯುವ ಬಡಪಾಯಿ ಹಾವುಗಳಲ್ಲಿ ಬಹಳಷ್ಟು ಈ ಗುರುತಿನ ತಪ್ಪಿನಿಂದಲೇ ಸಾಯುವುದು.

ಹಂತ 8: ಆಗುಂಬೆ

ಇದು ಪ್ರದರ್ಶನದ ಜಾಗ ಅಲ್ಲವೇ ಅಲ್ಲ. 2005ರಲ್ಲಿ ವಿಟೇಕರ್ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಮತ್ತು ಹತ್ತಿರದ ಕಾಳಿಂಗ ಮಳೆಕಾಡು ಕೇಂದ್ರ ಎರಡೂ ಕೆಲಸ ಮಾಡುವ ಜಾಗಗಳು. ಅವರ ಶಿಬಿರ, ತರಬೇತಿಗಳಿಗೆ ಮೊದಲೇ ಹೆಸರು ಕೊಟ್ಟು ಹೋಗಬೇಕು. "ಇಲ್ಲೇ ಬಂದಿದ್ದೀವಿ, ಒಂದು ಕಾಳಿಂಗ ತೋರಿಸಿ" ಎಂದು ಗೇಟಿನಲ್ಲಿ ನಿಲ್ಲುವುದು ಸರಿಯಲ್ಲ.

ಕಾಳಿಂಗ ಸರ್ಪದ ಮೈಯೊಳಗೆ ಸಣ್ಣ ರೇಡಿಯೋ ಇಟ್ಟು ಅದರ ಓಡಾಟವನ್ನು ಹಿಂಬಾಲಿಸಿದ ಕೆಲಸ ನಡೆದದ್ದು ಇಲ್ಲೇ. ಹೆಣ್ಣು ಕಾಳಿಂಗ ಮೈ ಸುರುಳಿಯಿಂದ ತರಗೆಲೆ ಎಳೆದು ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಇಟ್ಟು ಕಾಯುತ್ತದೆ. ಹೀಗೆ ಎಲೆ ಗೂಡು ಕಟ್ಟುವ ಹಾವು ಬೇರೆ ಇಲ್ಲ. ಮುಂಗಾರಿನ ಹೊಡೆತಕ್ಕೂ ಒಳಗಿನ ಮೊಟ್ಟೆಗೆ ನೀರು ತಾಗದಷ್ಟು ಬಿಗಿಯಾಗಿ ಕಟ್ಟಿರುತ್ತದೆ. 2024ರಲ್ಲಿ ಕಾಳಿಂಗ ಸಂಶೋಧಕ ಪಿ. ಗೌರಿಶಂಕರ್ ಮತ್ತು ಜೊತೆಗಾರರು ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಎಂದು ತೋರಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೂ ಈಗ ನಮ್ಮ 'ಕಾಳಿಂಗ' ಇದೆ.

ಮಳೆಗಾಲದಲ್ಲಿ ಹೋದರೆ ಇಂಬಳ ಗ್ಯಾರಂಟಿ. ಉದ್ದ ಕಾಲುಚೀಲ, ಗಟ್ಟಿ ಬೂಟು, ಒಳ್ಳೆಯ ಟಾರ್ಚು ಬೇಕು. ರಾತ್ರಿ ಕಾಡಿಗೆ ಅನುಮತಿ ಇಲ್ಲದೆ, ಸ್ಥಳೀಯ ಜೊತೆಗಾರರಿಲ್ಲದೆ ಹೆಜ್ಜೆ ಇಡಬೇಡಿ. ಗುಳಿಮಂಡಲದ ಹಾವುಗಳು ಎದೆ ಎತ್ತರದ ಕೊಂಬೆಯ ಮೇಲೆ ಗಂಟೆಗಟ್ಟಲೆ ಕೂತಿರುತ್ತವೆ, ಕೆಲವು ಹಸಿರು, ಕೆಲವು ಕಂದು, ಕೆಲವು ಹಳದಿ. ಕೈಗೆ ಆಸರೆ ಬೇಕೆಂದು ಕೊಂಬೆ ಹಿಡಿಯುವ ಅಭ್ಯಾಸ ಇಲ್ಲಿ ಬಿಡಬೇಕು.

ಹಂತ 9: ಕಡಲಾಮೆ

ಉತ್ತರ ಕನ್ನಡದ ತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆ ಮತ್ತು ಮೀನುಗಾರ ಊರಿನವರು ಗೂಡಿಗೆ ಬೇಲಿ ಹಾಕಿ ಕಾಯುತ್ತಾರೆ. ಸುಮಾರು 50 ದಿನ ಕಳೆದ ಮೇಲೆ ಮರಿಗಳು ಹೊರಬರುತ್ತವೆ. ಮೊಸಳೆಯ ಹಾಗೆ ಇಲ್ಲೂ ಬಿಸಿಯದ್ದೇ ತೀರ್ಮಾನ, ಆದರೆ ಮರಳು ಹೆಚ್ಚು ಬಿಸಿಯಾದರೆ ಹೆಣ್ಣು.

ದಿನಾಂಕ ನೋಡಿ ರೂಮ್ ಬುಕ್ ಮಾಡಬೇಡಿ. ಗೂಡು ಯಾವಾಗ ಒಡೆಯುತ್ತದೆ ಎಂದು ಅರಣ್ಯ ಇಲಾಖೆಯವರಿಗೂ ಹಿಂದಿನ ದಿನದವರೆಗೆ ಖಚಿತವಿರುವುದಿಲ್ಲ. ಮೂರು ದಿನ ಬಿಡುವಿಟ್ಟುಕೊಂಡು ಹೋಗಿ, ಕಂಡರೆ ಕಂಡಿತು. ಮರಿಗಳನ್ನು ಕೈಯಲ್ಲಿ ಎತ್ತಿ ನೀರಿಗೆ ಬಿಡಲು ಕೇಳಬೇಡಿ, ಮರಳಿನ ಮೇಲೆ ಅವೇ ನಡೆಯಬೇಕು. ರಾತ್ರಿ ಟಾರ್ಚು, ಮೊಬೈಲ್ ಬೆಳಕು ಆರಿಸಿ. ಕಡಲಿನ ಕಡೆಯ ಬೆಳಕನ್ನೇ ನಂಬಿ ಹೋಗುವ ಮರಿಗಳು ನಿಮ್ಮ ಬೆಳಕಿಗೆ ತಿರುಗಿಬಿಡುತ್ತವೆ.

ಆಮೆ ಮಾತು ಬಂದಾಗ ಇದನ್ನೂ ಹೇಳಬೇಕು. ಅದೃಷ್ಟ ತರುತ್ತದೆಂದು ನಕ್ಷತ್ರ ಆಮೆ ಸಾಕುವುದು ಅಪರಾಧ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧ ಇದೆ. ಯಾರಾದರೂ ಮಾರಲು ಬಂದರೆ "ಪಾಪ, ಕೊಂಡು ಕಾಡಿಗೆ ಬಿಡೋಣ" ಎಂದು ಕೊಳ್ಳಬೇಡಿ, ಅದರಿಂದ ಅವರಿಗೆ ಇನ್ನೊಂದು ಹಿಡಿಯಲು ದುಡ್ಡು ಕೊಟ್ಟಂತಾಗುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ.

ಹಂತ 10: ಏನಾದರೂ ಆದರೆ

ಕೇಂದ್ರಗಳ ಒಳಗೆ ಅಪಾಯ ತೀರಾ ಕಡಿಮೆ. ಅಪಾಯ ಇರುವುದು ಕಾಡುದಾರಿಯಲ್ಲಿ, ಹೋಮ್‌ಸ್ಟೇ ಅಂಗಳದಲ್ಲಿ. ಹಾವು ಕಡಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ, ವಾಚು ತೆಗೆಯಿರಿ, ಕಡಿದ ಕೈಕಾಲು ಅಲ್ಲಾಡಿಸಬೇಡಿ, ಸೀದಾ ಮದ್ದು ಇರುವ ಆಸ್ಪತ್ರೆಗೆ ಹೋಗಿ. ಹಾವನ್ನು ಹಿಡಿದು ಕೊಂಡೊಯ್ಯುವ ಸಾಹಸ ಬೇಡವೇ ಬೇಡ. ನಮ್ಮಲ್ಲಿ ಸಿಗುವ ಮದ್ದು ಮೇಲೆ ಹೇಳಿದ ನಾಲ್ಕು ಹಾವುಗಳಿಗೆ ಮಾಡಿದ್ದು. ಕಾಳಿಂಗಕ್ಕಾಗಲಿ, ಮಲೆನಾಡಿನ ಗುಳಿಮಂಡಲಗಳಿಗಾಗಲಿ ಅದನ್ನು ಮಾಡಿಲ್ಲ. ಆಗುಂಬೆಯಲ್ಲಿ ಜಾಸ್ತಿ ಎಚ್ಚರ ಬೇಕು ಅನ್ನುವುದು ಇದಕ್ಕೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಮಾಡಿದೆ, ಹಾಗಾಗಿ ಖಾಸಗಿ ಆಸ್ಪತ್ರೆಗೆ ಹೋದರೂ ದಾಖಲಾಗಬೇಕು.

ಹೊರಡುವ ಮುನ್ನ ಹತ್ತಿರದ ತಾಲೂಕು ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನ ಯಾರದ್ದು ಎಂದು ಉಳಿಯುವ ಮನೆಯವರನ್ನು ಕೇಳಿಟ್ಟುಕೊಳ್ಳಿ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926 ಅನ್ನು ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ. ಪ್ರವಾಸ ಮುಗಿದ ಮೇಲೂ, ಮನೆಯ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಹಾವು ಕಂಡ ದಿನ ಅದೇ ನಂಬರ್ ಬೇಕಾಗುತ್ತದೆ. ಫೋನ್ ಮಾಡಿ, ಮಕ್ಕಳನ್ನು ದೂರ ಕಳಿಸಿ, ನಾಯಿಯನ್ನು ಕಟ್ಟಿಹಾಕಿ, ಹಾವು ಎತ್ತ ಹೋಯಿತೆಂದು ದೂರದಿಂದ ನೋಡುತ್ತಾ ನಿಲ್ಲಿ. ಬಂದವರು ಮೊದಲು ಕೇಳುವುದು ಅದನ್ನೇ.